ಬಸ್ಸಾರಿನಲ್ಲಿ ಪಲ್ಯ ನನಗೆ, ಸಾರು ಮನೆಯವರಿಗೆ

ನಾನು ತಿಪಟೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ ಕ್ಯಾಷಿಯರ್. ಕ್ಯಾಷ್ ಕೌಂಟರಿನಲ್ಲಿ ಕೂತವರಿಗೆ ನಡುವೆ ಎದ್ದು ಹೋಗುವುದು ಅಷ್ಟು ಸುಲಭವಲ್ಲ. ಕೈಯಲ್ಲಿರುವ ಕಟ್ಟು ಎಣಿಸಿ ಮುಗಿಸಬೇಕು, ಡ್ರಾಯರಿಗೆ ಬೀಗ ಹಾಕಬೇಕು, ಕ್ಯಾಬಿನ್ನಿನ ಬಾಗಿಲು ಭದ್ರ ಮಾಡಬೇಕು, ಎದುರಿಗೆ ನಿಂತವರಿಗೆ ಏನೋ ಒಂದು ಹೇಳಬೇಕು. ಕೊಬ್ಬರಿ ಹರಾಜಿನ ಮಾರನೆ ದಿನ ಸಾಲು ಬಾಗಿಲ ತನಕ ಇರುತ್ತದೆ. ಅಂಥ ದಿನ ಹತ್ತೂವರೆ ಹೊತ್ತಿಗೆ ಹೊಕ್ಕುಳ ಕೆಳಗೆ ಯಾರೋ ಬಟ್ಟೆ ಹಿಂಡಿದ ಹಾಗೆ ಶುರುವಾಗುತ್ತಿತ್ತು. ತಡೆದುಕೊಳ್ಳುವುದಕ್ಕೆ ನನಗೆ ಸಿಗುತ್ತಿದ್ದದ್ದು ಮೂರೋ ನಾಲ್ಕೋ ನಿಮಿಷ. ಬೀಗದ ಕೈ ಹಿಡಿದ ಬೆರಳು ನಡುಗುವುದು ನನಗೇ ಕಾಣುತ್ತಿತ್ತು.

ಇದು ಶುರುವಾದದ್ದು 2017ರಲ್ಲಿ, ಸಂಬಂಧಿಕರ ಮದುವೆ ಊಟದಿಂದ. ಅವತ್ತು ಉಂಡವರಲ್ಲಿ ತುಂಬ ಜನಕ್ಕೆ ವಾಂತಿ ಭೇದಿ ಆಯಿತು. ಉಳಿದವರೆಲ್ಲ ಮೂರು ದಿನಕ್ಕೆ ಸುಧಾರಿಸಿಕೊಂಡರು. ನನ್ನ ಜ್ವರ ಹೋಯಿತು, ವಾಂತಿ ನಿಂತಿತು, ಹೊಟ್ಟೆ ಮಾತ್ರ ಮೊದಲಿನ ಹಾಗೆ ಆಗಲೇ ಇಲ್ಲ. ಹೀಗೆ ಕರುಳಿನ ಸೋಂಕು ವಾಸಿಯಾದ ಮೇಲೂ ಹತ್ತರಲ್ಲಿ ಸುಮಾರು ಒಬ್ಬರಿಗೆ ಇಂಥ ತೊಂದರೆ ಉಳಿದುಬಿಡುತ್ತದೆ ಎಂದು ನನಗೆ ಗೊತ್ತಾಗಿದ್ದು ನಾಲ್ಕು ವರ್ಷ ಕಳೆದ ಮೇಲೆ.

ಆ ನಾಲ್ಕು ವರ್ಷದಲ್ಲಿ ಎಂಡೋಸ್ಕೋಪಿ ಆಯಿತು, ಕೊಲೊನೋಸ್ಕೋಪಿ ಆಯಿತು, ಸ್ಕ್ಯಾನಿಂಗ್ ಎರಡು ಸಲ ಆಯಿತು. ಪ್ರತಿಯೊಂದು ರಿಪೋರ್ಟೂ ನಾರ್ಮಲ್. "ನಿಮಗೇನೂ ಇಲ್ಲಮ್ಮ, ಟೆನ್ಷನ್ ಕಡಿಮೆ ಮಾಡ್ಕೊಳ್ಳಿ" ಎಂದು ಒಬ್ಬ ಡಾಕ್ಟರು ತಲೆ ಎತ್ತದೆ ಹೇಳಿದಾಗ ನಾನು ಆಟೋದಲ್ಲಿ ಕೂತು ಅತ್ತಿದ್ದೇನೆ. ಏನೂ ಇಲ್ಲದಿದ್ದರೆ ನಾನು ದಿನಕ್ಕೆ ಆರು ಸಲ ಯಾಕೆ ಓಡುತ್ತೇನೆ?

ಯಾರೂ ದಾರಿ ಹೇಳದಿದ್ದಾಗ ಮನುಷ್ಯರು ಮಾಡುವುದನ್ನೇ ನಾನೂ ಮಾಡಿದೆ, ಒಂದೊಂದೇ ಪದಾರ್ಥ ಬಿಡುತ್ತಾ ಬಂದೆ. ಮೊದಲು ಹಾಲು ಬಿಟ್ಟೆ, ಆಮೇಲೆ ಚಪಾತಿ, ಆಮೇಲೆ ಕಾಳು, ಬೇಳೆ, ಹಣ್ಣು. ಒಂದು ದಿನ ಮೂಲಂಗಿ ತಿಂದು ಹೊಟ್ಟೆ ಕೆಟ್ಟರೆ ಮೂಲಂಗಿಯನ್ನು ಶಾಶ್ವತವಾಗಿ ಬಿಟ್ಟೆ. 2019ರ ಕೊನೆಗೆ ನನ್ನ ತಟ್ಟೆಯಲ್ಲಿ ಉಳಿದಿದ್ದು ಅನ್ನ, ನೀರು ಮಜ್ಜಿಗೆ, ಬೇಯಿಸಿದ ಕ್ಯಾರೆಟ್ಟು. 58 ಕೆಜಿ ಇದ್ದವಳು 49ಕ್ಕೆ ಇಳಿದೆ. ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಇಷ್ಟೆಲ್ಲ ಬಿಟ್ಟ ಮೇಲೂ ಹರಾಜಿನ ಮಾರನೆ ದಿನ ಹತ್ತೂವರೆಗೆ ಹೊಟ್ಟೆ ಹಿಂಡುವುದು ನಿಂತಿರಲಿಲ್ಲ. ಈ ಬರಹ ಬರೆಯುತ್ತಿರುವುದೇ ಅದಕ್ಕೆ. ನನ್ನ ಹಾಗೆ ಊಟವನ್ನೇ ಶತ್ರು ಮಾಡಿಕೊಂಡು ಕೂತವರು ಯಾರಾದರೂ ಇದ್ದರೆ ಅವರಿಗೆ ತಲುಪಲಿ ಎಂದು.

2021ರಲ್ಲಿ ಬೆಂಗಳೂರಿನಲ್ಲಿ ಒಬ್ಬ ಜೀರ್ಣಾಂಗ ತಜ್ಞರನ್ನು ನೋಡಿದೆ. ತೂಕ ಇಳಿದಿದ್ದನ್ನು ಕೇಳಿದ ತಕ್ಷಣ ಅವರು ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ಮಲದ ಪರೀಕ್ಷೆ, ಗೋಧಿಯ ಗ್ಲುಟೆನ್ನಿನಿಂದ ಬರುವ ಸೀಲಿಯಾಕ್ ಕಾಯಿಲೆಗೆ ರಕ್ತ ಪರೀಕ್ಷೆ, ಕರುಳಿನ ಕ್ಷಯ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು, ಎಲ್ಲವನ್ನೂ ಮಾಡಿಸಿದರು. ಸೀಲಿಯಾಕ್ ಪರೀಕ್ಷೆಗಾಗಿ ನಾನು ಬಿಟ್ಟಿದ್ದ ಚಪಾತಿಯನ್ನು ಕೆಲವು ವಾರ ಮತ್ತೆ ತಿನ್ನಬೇಕಾಯಿತು, ಏಕೆಂದರೆ ಗೋಧಿ ಬಿಟ್ಟವರಲ್ಲಿ ಆ ಪರೀಕ್ಷೆ ಸರಿಯಾದ ಫಲಿತಾಂಶ ಕೊಡುವುದಿಲ್ಲ. ಎಲ್ಲ ಮುಗಿದ ಮೇಲೆ, ತೂಕ ಇಳಿದಿದ್ದು ಕಾಯಿಲೆಯಿಂದಲ್ಲ, ನಾನು ಊಟ ಮಾಡದೆ ಇದ್ದದ್ದರಿಂದ ಎಂದರು. ನನಗಿದ್ದದ್ದು ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್.

ಅವರು ಇದನ್ನು ಕರುಳು ಮತ್ತು ಮಿದುಳಿನ ನಡುವಿನ ಮಾತುಕತೆಯ ತೊಂದರೆ ಎಂದು ವಿವರಿಸಿದರು. 2016ರಲ್ಲಿ ಬಂದ ರೋಮ್ 4 ಎಂಬ ಮಾನದಂಡದಿಂದ ಈಚೆಗೆ ವೈದ್ಯರು ಈ ಗುಂಪಿನ ಕಾಯಿಲೆಗಳನ್ನು ಹಾಗೇ ಕರೆಯುತ್ತಾರಂತೆ. ನಮ್ಮ ಕರುಳಿನ ಗೋಡೆಯಲ್ಲೇ ಹತ್ತು ಕೋಟಿಗೂ ಮಿಕ್ಕ ನರಕೋಶಗಳಿವೆ. ಹೊಟ್ಟೆಗೂ ತಲೆಗೂ ನಡುವೆ ಇರುವ ವೇಗಸ್ ನರದ ಹೆಚ್ಚಿನ ಎಳೆಗಳು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಮಿದುಳಿನದು ಎಂದು ನಾವು ತಿಳಿದಿರುವ ಸೆರೊಟೋನಿನ್ ಎಂಬ ರಾಸಾಯನಿಕದ ಬಹುಪಾಲು ತಯಾರಾಗುವುದೂ ಕರುಳಿನಲ್ಲೇ. ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಾಗ ನನಗೆ ನೆನಪಾಗಿದ್ದು ನಮ್ಮ ಕೌಂಟರಿನ ನೋಟು ಎಣಿಸುವ ಮೆಷೀನು. ಅದರ ಸೆನ್ಸರ್ ಸೆಟ್ಟಿಂಗ್ ಜಾಸ್ತಿ ಇಟ್ಟರೆ ಸ್ವಲ್ಪ ಮಡಿಚಿದ ನೋಟು, ಬೆವರಿಗೆ ಒದ್ದೆಯಾದ ನೋಟು ಬಂದರೂ ಕೂಗಿ ನಿಂತುಬಿಡುತ್ತದೆ. ನೋಟು ಖೋಟಾ ಅಲ್ಲ. ಮೆಷೀನು ಕೆಟ್ಟಿರುವುದೂ ಇಲ್ಲ. ಬಿಚ್ಚಿ ನೋಡಿದರೆ ಒಳಗೆ ಒಂದು ಹಲ್ಲೂ ಮುರಿದಿರುವುದಿಲ್ಲ. ನನ್ನ ರಿಪೋರ್ಟುಗಳು ನಾರ್ಮಲ್ ಬಂದದ್ದಕ್ಕೂ ನೋವು ನಿಜವಾಗಿದ್ದುದಕ್ಕೂ ಜಗಳವೇ ಇಲ್ಲ ಎಂದು ನನಗೆ ಅರ್ಥವಾಗಿದ್ದು ಆಗ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಇದನ್ನು ಎಂಆರ್‌ಐ ಸ್ಕ್ಯಾನಿನಲ್ಲೇ ನೋಡಿದ್ದಾರೆ. ಐಬಿಎಸ್ ಇರುವವರಿಗೂ ಆರೋಗ್ಯವಂತರಿಗೂ ಕರುಳಲ್ಲಿ ಹುಳಿಯುವ ಒಂದೇ ಬಗೆಯ ನಾರಿನ ಪಾನಕ ಕುಡಿಸಿ ಹೊಟ್ಟೆಯೊಳಗಿನ ಗ್ಯಾಸ್ ಅಳೆದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಗ್ಯಾಸ್ ಇಬ್ಬರಲ್ಲೂ ಹೆಚ್ಚು ಕಡಿಮೆ ಒಂದೇ ಅಳತೆಗೆ ಏರಿತ್ತು. ನೋವು, ಉಬ್ಬರ ಹೆಚ್ಚಾಗಿ ಕಂಡದ್ದು ಐಬಿಎಸ್ ಇರುವವರಿಗೆ. "ಎಲ್ಲರೂ ಅದೇ ಊಟ ಮಾಡ್ತಾರೆ, ನಿಂಗೊಬ್ಬಳಿಗೇ ಯಾಕೆ?" ಎಂದು ಕೇಳಿದವರಿಗೆಲ್ಲ ನಾನು ಕೊಡಬಹುದಾದ ಉತ್ತರ ಅದು.

ಹಾಗಾದರೆ ಊಟದಿಂದ ಆಗುವುದೇನು? ಸೆನ್ಸರ್ ತಗ್ಗುವ ತನಕ ಮೆಷೀನಿಗೆ ಕೊಡುವ ನೋಟಿನ ಕಟ್ಟು ಚಿಕ್ಕದು ಮಾಡುವುದು. ಅದರ ದಾರಿ ಕಂಡುಹಿಡಿದವರು ಆಸ್ಟ್ರೇಲಿಯಾದ ಮೆಲ್ಬರ್ನಿನ ಮೊನಾಷ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್, ಸೂ ಶೆಫರ್ಡ್ ಮತ್ತು ಅವರ ಜೊತೆಯವರು. ಸಣ್ಣ ಕರುಳಿನಲ್ಲಿ ಪೂರ್ತಿ ಹೀರದೆ ಉಳಿಯುವ ಕೆಲವು ಬಗೆಯ ಸಕ್ಕರೆಗಳಿಗೆ ಒಟ್ಟಾಗಿ ಫಾಡ್‌ಮ್ಯಾಪ್ ಎಂದು 2005ರಲ್ಲಿ ಹೆಸರಿಟ್ಟರು. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿ ಫ್ರಕ್ಟಾನ್ ಇದೆ. ಕಾಳು, ಬೇಳೆಯಲ್ಲಿ ಗ್ಯಾಲಕ್ಟೊ ಆಲಿಗೊಸ್ಯಾಕರೈಡ್ ಎನ್ನುವುದಿದೆ. ಹಾಲಿನಲ್ಲಿ ಲ್ಯಾಕ್ಟೋಸ್, ಮಾವಿನಹಣ್ಣಿನಲ್ಲಿ ಹೆಚ್ಚುವರಿ ಫ್ರಕ್ಟೋಸ್, ಅಣಬೆಯಲ್ಲಿ ಮ್ಯಾನಿಟಾಲ್. ಇವುಗಳಲ್ಲಿ ಕೆಲವು ಸಣ್ಣ ಕರುಳಿಗೆ ನೀರು ಎಳೆಯುತ್ತವೆ, ಕೆಲವು ದೊಡ್ಡ ಕರುಳಿನಲ್ಲಿ ಹುಳಿದು ಗ್ಯಾಸ್ ಆಗುತ್ತವೆ. ಎರಡೂ ಸೇರಿ ಕರುಳು ಹಿಗ್ಗುತ್ತದೆ, ಸೂಕ್ಷ್ಮವಾದ ನರ ಕೂಗಿಕೊಳ್ಳುತ್ತದೆ. ಅದೇ ಮೊನಾಷ್‌ನವರ 2014ರ ಪ್ರಯೋಗದಲ್ಲಿ 30 ಐಬಿಎಸ್ ರೋಗಿಗಳಿಗೆ 21 ದಿನ ಮಾಮೂಲಿ ಊಟ, 21 ದಿನ ಫಾಡ್‌ಮ್ಯಾಪ್ ಕಡಿಮೆ ಇರುವ ಊಟ ಕೊಟ್ಟು ನೋಡಿದಾಗ ತೊಂದರೆ ಸುಮಾರು ಅರ್ಧಕ್ಕೆ ಇಳಿದಿತ್ತು.

ಪಟ್ಟಿ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಆದರೆ ಅದರಲ್ಲಿರುವ ಕ್ವಿನೊವಾ, ಬ್ಲೂಬೆರಿ ತಿಪಟೂರಿನ ಮನೆಗೆ ಏನು ಉಪಯೋಗ? ಡಾಕ್ಟರು ಕಳಿಸಿದ ಡಯಟೀಶಿಯನ್ ಹುಡುಗಿ ನನಗೆ ಪಟ್ಟಿ ಕೊಡಲೇ ಇಲ್ಲ. "ಅಕ್ಕ, ಸೋಮವಾರದಿಂದ ಭಾನುವಾರದ ತನಕ ನಿಮ್ಮನೇಲಿ ಏನೇನು ಸಾರು ಮಾಡ್ತೀರ, ಹೇಗೆ ಮಾಡ್ತೀರ, ಹೇಳ್ತಾ ಹೋಗಿ" ಎಂದು ಬರೆದುಕೊಳ್ಳುತ್ತಾ ಕೂತಳು. ಬಸ್ಸಾರಿನ ಹೊತ್ತಿಗೆ ಪೆನ್ನು ನಿಲ್ಲಿಸಿ ನಕ್ಕಳು.

ನಮ್ಮ ಕಡೆಯವರಿಗೆ ಬಸ್ಸಾರು ಹೇಳಿಕೊಡಬೇಕಾಗಿಲ್ಲ. ಅಲಸಂದೆ ಕಾಳನ್ನೋ ಹೆಸರುಕಾಳನ್ನೋ ದಂಟಿನ ಸೊಪ್ಪಿನ ಜೊತೆ ಬೇಯಿಸಿ ಬಸಿಯುತ್ತೇವೆ. ಕಾಳು, ಸೊಪ್ಪು ಪಲ್ಯಕ್ಕೆ ಹೋಗುತ್ತದೆ. ಬಸಿದ ನೀರಿಗೆ, ಅಂದರೆ ಕಟ್ಟಿಗೆ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿ, ಹುಣಸೆಹಣ್ಣಿನ ಜೊತೆ ಬೆಂದ ಕಾಳನ್ನೂ ಒಂದು ಹಿಡಿ ರುಬ್ಬಿ ಹಾಕಿದರೆ ಸಾರು. ಅನ್ನ ಮಜ್ಜಿಗೆಗೆ ಇಳಿಯುವ ಮೊದಲು ನಾನು ಕಾಳು ಜೀರ್ಣವಾಗುವುದು ಕಷ್ಟ ಎಂದು ಪಲ್ಯ ಬಿಟ್ಟು, ಸಾರು ಹಗುರ ಎಂದು ಅದನ್ನೇ ಅನ್ನಕ್ಕೆ ಸುರಿದುಕೊಂಡು ಊಟ ಮಾಡಿದ್ದೆ. ಅದು ತಲೆಕೆಳಗು. ಈ ಸಕ್ಕರೆಗಳು ನೀರಿನಲ್ಲಿ ಕರಗುತ್ತವೆ. ನೆನೆಸಿದ ನೀರು ಚೆಲ್ಲಿದರೆ ಒಂದಿಷ್ಟು ಹೋಗುತ್ತದೆ, ಬೇಯಿಸಿ ಬಸಿದರೆ ಇನ್ನಷ್ಟು ಕಟ್ಟಿಗೆ ಇಳಿಯುತ್ತದೆ. ಬಸಿದ ಮೇಲೆ ಕಾಳಿನಲ್ಲಿ ಪೂರ್ತಿ ಇಲ್ಲ ಎಂದಲ್ಲ, ಮೊದಲಿಗಿಂತ ಕಡಿಮೆ. ನನ್ನಂಥವಳಿಗೆ ಬಸ್ಸಾರಿನಲ್ಲಿ ತಿನ್ನಬೇಕಾದದ್ದು ನಾಲ್ಕು ಚಮಚ ಪಲ್ಯ. ಬಿಡಬೇಕಾದದ್ದು ಸಾರು.

ಇದನ್ನು ನಮ್ಮತ್ತೆಗೆ ಹೇಳಿದ ದಿನ ಅವರು ಒಲೆ ಮುಂದೆ ಸುಮ್ಮನೆ ನಿಂತುಬಿಟ್ಟರು. "ಸಾರಿಲ್ದೆ ಮುದ್ದೆ ನುಂಗೋದು ಹೆಂಗವ್ವ?" ಎಂದರು. ಅವರ ಸಾರನ್ನು ನಾನು ಬೇಡ ಎನ್ನುತ್ತಿದ್ದೇನೆ ಎನ್ನುವ ನೋವು ಆ ದನಿಯಲ್ಲಿತ್ತು. ಮಾರನೆ ದಿನ ಅವರೇ ಒಂದು ದಾರಿ ಮಾಡಿದರು. ಟೊಮೆಟೊ, ಮೆಣಸು, ಜೀರಿಗೆ, ಧನಿಯಾ, ಒಂದು ಬ್ಯಾಡಗಿ ಮೆಣಸಿನಕಾಯಿ ಹಾಕಿ ಚಿಕ್ಕ ಪಾತ್ರೆಯಲ್ಲಿ ನನಗೆ ಬೇರೆ ಸಾರು. ಅದಕ್ಕೆ ಬೆಳ್ಳುಳ್ಳಿ ಘಮ ಬೇಕೇ ಬೇಕು ಎಂದು ಹಟ ಹಿಡಿದರು. ಡಯಟೀಶಿಯನ್ ಫೋನಿನಲ್ಲಿ ಹೇಳಿದ್ದನ್ನು ನಾನು ಪಕ್ಕದಲ್ಲಿ ನಿಂತು ಹೇಳುತ್ತಾ ಹೋದೆ. ಕಬ್ಬಿಣದ ಒಗ್ಗರಣೆ ಸೌಟಿಗೆ ಎರಡು ಚಮಚ ಕಡಲೆಕಾಯಿ ಎಣ್ಣೆ ಬಿಟ್ಟು, ಜಜ್ಜಿದ ನಾಲ್ಕು ಎಸಳು ಹಾಕಿ, ಸಣ್ಣ ಉರಿಯಲ್ಲಿ ಅಂಚು ಕೆಂಪಾಗುವ ತನಕ ಇಟ್ಟರು. ಮನೆಯೆಲ್ಲ ಘಮ್ಮೆಂದಿತು. ಆಮೇಲೆ ಚಮಚದಿಂದ ಒಂದೊಂದೇ ಎಸಳು ಎತ್ತಿ ನಮ್ಮ ಯಜಮಾನರ ತಟ್ಟೆಗೆ ಹಾಕಿ, ಉಳಿದ ಎಣ್ಣೆಗೆ ಸಾಸಿವೆ, ಕರಿಬೇವು ಸಿಡಿಸಿ ಸಾರಿಗೆ ಸುರಿದರು. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಘಮ ಎಣ್ಣೆಯಲ್ಲಿ ಉಳಿಯುತ್ತದೆ, ತೊಂದರೆ ಎಸಳಿನ ಜೊತೆ ಹೊರಗೆ ಹೋಗುತ್ತದೆ. ಸಾರಿನ ನೀರಿಗೆ ಎಸಳು ಬಿದ್ದರೆ ಮಾತ್ರ ಈ ಲೆಕ್ಕ ಕೆಟ್ಟಿತು. ಈ ಎಣ್ಣೆಯನ್ನು ಮಾಡಿ ಇಟ್ಟುಕೊಳ್ಳಬಾರದು, ಆವತ್ತಿನದು ಆವತ್ತಿಗೇ ಮುಗಿಯಬೇಕು. ಎಣ್ಣೆಯಲ್ಲಿ ಮುಳುಗಿಸಿಟ್ಟ ಬೆಳ್ಳುಳ್ಳಿಯಲ್ಲಿ ಅಪಾಯದ ಬ್ಯಾಕ್ಟೀರಿಯಾ ಬೆಳೆಯಬಹುದು. ಚಿಟಿಕೆ ಇಂಗೂ ನನಗೆ ಆಗುತ್ತದೆ. ಅಂಗಡಿಯ ಇಂಗಿನ ಡಬ್ಬಿಯ ಮೇಲೆ ಓದಿ ನೋಡಿ, ಅನೇಕ ಕಂಪನಿಯವರು ಅದಕ್ಕೆ ಗೋಧಿಹಿಟ್ಟು ಸೇರಿಸಿರುತ್ತಾರೆ.

ನಾಲ್ಕು ವಾರ ಹೀಗೆ ನಡೆಯಿತು. ಅನ್ನ, ಚಿಕ್ಕ ಮುದ್ದೆ, ಬದನೆಕಾಯಿ, ಬೆಂಡೆಕಾಯಿ, ಹುರುಳಿಕಾಯಿ, ಆಲೂಗಡ್ಡೆ, ಮೊಟ್ಟೆ, ಒಂದು ಹಿಡಿ ಕಡಲೆಕಾಯಿ, ಪಪಾಯ, ಕಿತ್ತಳೆ. ಬಾಳೆಹಣ್ಣು ಗಟ್ಟಿಯಾಗಿರುವಾಗಲೇ ತಿನ್ನಬೇಕಿತ್ತು, ಪೂರ್ತಿ ಕಳಿತರೆ ಅದರಲ್ಲಿ ಫ್ರಕ್ಟಾನ್ ಹೆಚ್ಚು. ಭಾನುವಾರದ ಕೋಳಿ ನನಗೇನೂ ಮಾಡಲಿಲ್ಲ, ತೊಂದರೆ ಇದ್ದದ್ದು ಮಸಾಲೆಯಲ್ಲಿ. ಮೂರನೇ ವಾರದ ಹೊತ್ತಿಗೆ ದಿನಕ್ಕೆ ಎರಡೇ ಸಲ ಹೋಗುವ ಹಾಗಾಯಿತು.

ಇಲ್ಲಿಗೇ ಬಹಳ ಜನ ನಿಂತುಬಿಡುತ್ತಾರೆ. ನಾನೂ ನಿಂತುಬಿಡುತ್ತಿದ್ದೆ. ಗುಣವಾಯಿತಲ್ಲ, ಇನ್ನು ಯಾಕೆ ಮುಟ್ಟಬೇಕು ಎಂದು ಅನ್ನಿಸಿತ್ತು. ಡಯಟೀಶಿಯನ್ ಬಿಡಲಿಲ್ಲ. ಕಟ್ಟುನಿಟ್ಟಿನ ಪಥ್ಯ ಎರಡರಿಂದ ಆರು ವಾರಕ್ಕೆ ಮಾತ್ರ ಎಂದಳು. ಈ ಸಕ್ಕರೆಗಳೇ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ, ದೀರ್ಘ ಕಾಲ ಬಿಟ್ಟರೆ ಬೈಫಿಡೊಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ. ಅದಕ್ಕಿಂತ ದೊಡ್ಡದು ಭಯ. ತಟ್ಟೆ ನೋಡಿದರೆ ಎದೆ ಹೊಡೆದುಕೊಳ್ಳುವ ಮನುಷ್ಯಳ ಕರುಳು ತುತ್ತು ಒಳಗೆ ಹೋಗುವ ಮೊದಲೇ ಬಿಗಿಯುತ್ತದೆ. ನನ್ನ ಎರಡು ವರ್ಷದ ಅನ್ನ ಮಜ್ಜಿಗೆಯ ಕಥೆ ಪೂರ್ತಿ ಅದೇ.

ವಾಪಸ್ ತರುವ ಕೆಲಸಕ್ಕೆ ಹಳೆಯ ಲೆಡ್ಜರ್ ಪುಸ್ತಕ ತೆಗೆದುಕೊಂಡೆ. ಒಂದು ಸಲಕ್ಕೆ ಒಂದೇ ಪದಾರ್ಥ, ಮೂರು ದಿನ, ದಿನ ದಿನಕ್ಕೆ ಸ್ವಲ್ಪ ಜಾಸ್ತಿ, ಉಳಿದದ್ದೆಲ್ಲ ಹಳೆಯ ಪಥ್ಯದಂತೆ. ಆಮೇಲೆ ಎರಡು ಮೂರು ದಿನ ಬಿಡುವು. ಹಾಲು ಮೊದಲು. ಅರ್ಧ ಲೋಟ ಕಾಫಿಯ ಹಾಲು ಏನೂ ಮಾಡಲಿಲ್ಲ, ಒಂದು ಪೂರ್ತಿ ಲೋಟಕ್ಕೆ ಗುಡುಗುಡು. ಎರಡು ಚಪಾತಿ ಸಲೀಸು, ನಾಲ್ಕಕ್ಕೆ ಉಬ್ಬರ. ಈರುಳ್ಳಿ ಒಗ್ಗರಣೆಗೆ ಒಂದು ಚಮಚದಷ್ಟು ಸರಿ. ಬೆಳ್ಳುಳ್ಳಿ ಎಸಳು ಒಂದಕ್ಕೇ ರಾತ್ರಿಯೆಲ್ಲ ನೋವು. ಅದನ್ನು ಎರಡು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಿದೆ, ಆಗಲೂ ಅಷ್ಟೇ. ಮೂಲಂಗಿ ಏನೇನೂ ಮಾಡಲಿಲ್ಲ. ಎರಡು ವರ್ಷ ಅದರ ಮೇಲೆ ಸುಮ್ಮನೆ ಅಪವಾದ ಹೊರಿಸಿದ್ದೆ.

ಲೆಡ್ಜರಿನಲ್ಲಿ ತಿಂದದ್ದಕ್ಕೆ ಒಂದು ಕಾಲಂ, ಹೊಟ್ಟೆಗೆ ಒಂದು ಕಾಲಂ, ಆ ದಿನ ಹೇಗಿತ್ತು ಎನ್ನುವುದಕ್ಕೆ ಇನ್ನೊಂದು ಕಾಲಂ ಹಾಕಿದ್ದೆ. ಹೊಟ್ಟೆಯ ಕಾಲಂನಲ್ಲಿ, ಮಲ ಎಷ್ಟು ಗಟ್ಟಿ ಎಷ್ಟು ತೆಳು ಎಂದು ಹೇಳುವ ಬ್ರಿಸ್ಟಲ್ ಚಾರ್ಟಿನ 1ರಿಂದ 7ರ ತನಕದ ಅಂಕಿ ಬರೆಯುತ್ತಿದ್ದೆ, 1 ಅಂದರೆ ಗಟ್ಟಿ ಉಂಡೆ, 7 ಅಂದರೆ ನೀರು. ಆರು ವಾರದ್ದನ್ನು ಒಂದು ಸಂಜೆ ಟ್ಯಾಲಿ ಮಾಡುತ್ತಾ ಕೂತಾಗ ಕಣ್ಣಿಗೆ ಬಿತ್ತು. ಭಾನುವಾರ ಬೆಳಿಗ್ಗೆ ಮೂರು ಇಡ್ಲಿ, ಕಾಯಿ ಚಟ್ನಿ, ಅಂಕಿ 4. ಹರಾಜಿನ ಮಾರನೆ ದಿನ ಅದೇ ಮೂರು ಇಡ್ಲಿ, ಅದೇ ಚಟ್ನಿ, ಅಂಕಿ 6. ಐದು ಸಲ ಹೀಗೇ. ಇಡ್ಲಿ ಒಂದೇ, ದಿನ ಬೇರೆ. ಆ ದಿನಗಳಲ್ಲಿ ನಾನು ನಿಂತುಕೊಂಡು ಐದು ನಿಮಿಷದಲ್ಲಿ ತಿಂದು, ಸೆರಗಿಗೆ ಪಿನ್ ಹಾಕುತ್ತಾ ಬಸ್ಸಿಗೆ ಓಡುತ್ತಿದ್ದೆ.

ಊಟ ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ಜಾಗ ಮಾಡಲು ಚಲಿಸುವುದು ಎಲ್ಲರಲ್ಲೂ ಇರುವ ಸಹಜ ಕ್ರಿಯೆ. ನನ್ನಂಥವರಲ್ಲಿ ಅದು ಜೋರು, ಗಾಬರಿ ಸೇರಿದರೆ ಇನ್ನೂ ಜೋರು. ಈಗ ಏಳೂ ಕಾಲಿಗೆ ಕೂತು ತಿನ್ನುತ್ತೇನೆ, ಇಪ್ಪತ್ತು ನಿಮಿಷ ಮನೆಯಲ್ಲೇ ಇರುತ್ತೇನೆ, ಹೋಗುವುದನ್ನು ಮನೆಯಲ್ಲೇ ಮುಗಿಸಿ ಹೊರಡುತ್ತೇನೆ. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಹೊಟ್ಟೆ ಏರಿಳಿಯುವ ಹಾಗೆ ನಿಧಾನ ಉಸಿರಾಟ. ಡಾಕ್ಟರು ರಾತ್ರಿಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಕೂಡ ಬರೆದಿದ್ದರು. ಮೆಡಿಕಲ್ ಶಾಪಿನವರು "ಇದು ಡಿಪ್ರೆಶನ್ ಮಾತ್ರೆ ಅಲ್ವಾ ಮೇಡಂ" ಎಂದಾಗ ನಾನು ಅದನ್ನು ತಗೊಳ್ಳದೆ ವಾಪಸ್ ಬಂದು ಒಂದು ವಾರ ಕೂತಿದ್ದೆ. ಖಿನ್ನತೆಗೆ ಕೊಡುವುದಕ್ಕಿಂತ ತುಂಬ ಚಿಕ್ಕ ಪ್ರಮಾಣದಲ್ಲಿ ಅದು ಕರುಳಿನ ನೋವಿನ ನರಗಳನ್ನು ಶಾಂತ ಮಾಡುತ್ತದೆ. 2023ರಲ್ಲಿ ಬ್ರಿಟನ್ನಿನಲ್ಲಿ 463 ಐಬಿಎಸ್ ರೋಗಿಗಳ ಮೇಲೆ ನಡೆದ ಪ್ರಯೋಗವೂ ಅದರಿಂದ ಉಪಯೋಗವಿದೆ ಎಂದೇ ತೋರಿಸಿತು. ಇದು ನಿಮಗೆ ಬೇಕೋ ಬೇಡವೋ ಎನ್ನುವುದನ್ನು ಡಾಕ್ಟರೇ ಹೇಳಬೇಕು. ಆದರೆ ಹೆಸರಿಗೆ ಹೆದರಿ ನನ್ನ ಹಾಗೆ ವಾರ ಕಳೆಯಬೇಡಿ.

ನಾರಿನ ವಿಷಯ ಒಂದು ಮಾತು. ನಾರು ಒಳ್ಳೆಯದು ಎಂದು ಯಾರೋ ಹೇಳಿ ಗೋಧಿ ತವಡು ತಿಂದು ನಾನು ಎರಡು ದಿನ ಒದ್ದಾಡಿದ್ದೇನೆ. ನನಗೆ ಹಿಡಿಸಿದ್ದು ಇಸಬಗೋಲು. ನೀರಿನಲ್ಲಿ ಕರಗಿ ಲೋಳೆಯಾಗುವ ನಾರು ಅದು. ಅರ್ಧ ಚಮಚದಿಂದ ಶುರು ಮಾಡಿ ನಿಧಾನಕ್ಕೆ ಏರಿಸಿದೆ, ದೊಡ್ಡ ಲೋಟ ನೀರಿನ ಜೊತೆ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ನಲವತ್ತೈದು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಇವುಗಳಲ್ಲಿ ಒಂದಿದ್ದರೂ ಈ ಪಥ್ಯದ ಮಾತು ಬದಿಗಿಟ್ಟು ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ. ನಾನು ಓದಿದ್ದನ್ನೆಲ್ಲ ನನ್ನ ಹೊಟ್ಟೆಯ ಮೇಲೆ ಪ್ರಯೋಗ ಮಾಡಿದ್ದು ಆ ಪರೀಕ್ಷೆಗಳೆಲ್ಲ ಮುಗಿದ ಮೇಲೆಯೇ.

ಅವರೆಕಾಳನ್ನು ಕೊನೆಗೆ ಇಟ್ಟುಕೊಂಡಿದ್ದೆ. ನಮ್ಮ ಮನೆಯಲ್ಲಿ ಚಳಿಗಾಲ ಎಂದರೆ ಸೊಗಡಿನ ಅವರೆ. ಸಂಜೆ ಟಿವಿ ಮುಂದೆ ಮೊರ ಇಟ್ಟುಕೊಂಡು ಎಲ್ಲರೂ ಕಾಯಿ ಬಿಡಿಸುತ್ತೇವೆ, ರಾತ್ರಿ ನೆನೆಸಿ ಬೆಳಿಗ್ಗೆ ಹಿತಕುತ್ತೇವೆ. ನಾಲ್ಕು ಚಳಿಗಾಲ ನಾನು ಬಿಡಿಸಿದ್ದೇನೆ, ಹಿತಕಿದ್ದೇನೆ, ಬೆರಳ ತುದಿಯಲ್ಲಿ ಸೊಗಡು ಇಟ್ಟುಕೊಂಡು ಅನ್ನ ಮಜ್ಜಿಗೆ ಉಂಡಿದ್ದೇನೆ. ಹಿತಕಿದ ಬೇಳೆಯ ಪರೀಕ್ಷೆ ಶುರು ಮಾಡಿದ್ದು ಒಂದು ಶನಿವಾರ ಮಧ್ಯಾಹ್ನ, ಮಾರನೆ ದಿನ ರಜೆ ಇರಲಿ ಎಂದು. ಅತ್ತೆ ಬೇಳೆಯನ್ನು ಬೇರೆ ಬೇಯಿಸಿ, ನೀರು ಬಸಿದು, ನನ್ನ ಟೊಮೆಟೊ ಸಾರಿಗೆ ಹಾಕಿಕೊಟ್ಟರು. ಎರಡು ಚಮಚ ತಿಂದೆ. ರಾತ್ರಿ ಹತ್ತಾಯಿತು, ಹನ್ನೊಂದಾಯಿತು, ಹೊಟ್ಟೆ ಮಾತಾಡಲಿಲ್ಲ. ಮಾರನೆ ದಿನ ಮೂರು ಚಮಚ, ಅದರ ಮಾರನೆ ದಿನ ನಾಲ್ಕು. ನಾಲ್ಕಕ್ಕೆ ಸ್ವಲ್ಪ ಉಬ್ಬರ ಬಂತು, ನೋವಿರಲಿಲ್ಲ. ಲೆಡ್ಜರಿನಲ್ಲಿ ಅವರೆ ಎದುರಿಗೆ 'ಮೂರು ಚಮಚ, ವಾರಕ್ಕೆ ಎರಡು ಸಲ' ಎಂದು ಬರೆದೆ.

ಈಗ ತೂಕ 56. ಹೋದ ಡಿಸೆಂಬರಿನಲ್ಲಿ ಅತ್ತೆ ಸಾರಿನ ಪಾತ್ರೆ ಇಳಿಸಿ, ನನ್ನ ಚಿಕ್ಕ ಪಾತ್ರೆಯ ಮುಚ್ಚಳ ತೆಗೆದು, ಹಿತಕಿದ ಬೇಳೆಯ ಬಟ್ಟಲಿಗೆ ಚಮಚ ಹಾಕಿ ಕೇಳಿದರು:

"ಇವತ್ತು ಮೂರೇನೇ, ನಾಲ್ಕು ಹಾಕ್ಲಾ?"

"ಮೂರು ಹಾಕಿ ಅತ್ತೆ. ನಾಳೆ ಹರಾಜಿನ ಮಾರನೆ ದಿನ."